ಕೋವಿಗೊಂದು ಚಾಳೀಸು

ಕನ್ನಡಕಕ್ಕೆ ನಮ್ಮ ಹಿರಿಯರು ‘ಚಾಳೀಸು’ ಎಂದೂ ಒಂದು ಹೆಸರಿಟ್ಟಿದ್ದಾರೆ. ಹಿಂದೂಸ್ತಾನಿಯಲ್ಲಿ ಚಾಳೀಸ್ ಎಂದರೆ ನಲವತ್ತು. ನಲವತ್ತು ತುಂಬಿದವನ ಮೂಗಿನ ಮೇಲೆ ಬಂದು ಕುಳಿತುಕೊಳ್ಳುವ ವಸ್ತುವಿಗೆ ಬೇರೆ ಹೆಸರು ಹುಡುಕುವ ಗೋಜಿಗೆ ಹೋಗದೆ, ವಯಸ್ಸನ್ನೇ ಹೆಸರಾಗಿಸಿದ ಪುಣ್ಯಾತ್ಮನು ಒಳ್ಳೆಯ ಅನುಭವಸ್ಥನೇ ಆಗಿರಬೇಕು. ಈ ಚಾಳೀಸು ಒಬ್ಬೊಬ್ಬರಿಗೆ ಒಂದೊಂದು ದಾರಿಯಿಂದ ಬರುತ್ತದೆ. ದರ್ಜಿಗೆ ಸೂಜಿಯ ಕಣ್ಣಿನಿಂದ, ಮನೆಯಾಕೆಗೆ ಅಕ್ಕಿಯೊಳಗಿನ ಕಲ್ಲಿನಿಂದ, ನಮ್ಮಂಥ ಮೇಷ್ಟರುಗಳಿಗೆ ಹಾಜರಿ ಪುಸ್ತಕದಿಂದ. ನನಗೆ ಮಾತ್ರ ಅದು ಕೋವಿಯ ತುದಿಯಿಂದ ಬಂದಿತು.

ಚರಿತ್ರೆಯ ಪಾಠ ಹೇಳುವವನಿಗೂ ಕೋವಿಗೂ ಏನು ನಂಟೆಂದು ಹೊಸ ವಿದ್ಯಾರ್ಥಿಗಳು ಹುಬ್ಬೇರಿಸಬಹುದು. ನಾನು ಕೊಡಗಿನವನು. ನಮ್ಮಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಬಹಳ ಹಿಂದಿನದು. ಆಂಗ್ಲರ ಕಾಲದಲ್ಲಿ, 1861ರಲ್ಲಿ, ನಮಗೆ ಆಯುಧ ಕಾನೂನಿನಿಂದ ವಿನಾಯಿತಿ ದೊರೆಯಿತು. 1959ರ ಆಯುಧ ಕಾಯಿದೆ ಬಂದ ಮೇಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯ ವಿನಾಯಿತಿ ಉಳಿದುಬಂದಿದೆ. 2019ರಲ್ಲಿ ಕೇಂದ್ರ ಸರ್ಕಾರವು ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಬೇಟೆಯ ಕಾಲವಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೊಡನೆ ಮುಗಿಯಿತು. ಈಗ ಕೋವಿಗೆ ಉಳಿದಿರುವುದು ಪೂಜೆ ಮತ್ತು ಪಂದ್ಯ.

ಆ ಪೂಜೆಯ ದಿನವೇ ಕೈಲ್‌ಪೊಳ್ದ್. ನಾಟಿಯ ಕೆಲಸ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ನೆಯ ತಾರೀಕು, ಆಯುಧಗಳನ್ನು ಒರೆಸಿ, ತೋಕ್‌ಪೂವೆಂಬ ಕೆಂಪು ಹಳದಿ ಹೂವನ್ನು ಕೋವಿಯ ಮೂತಿಗೆ ಸಿಕ್ಕಿಸಿ, ದೀಪದ ಮುಂದಿರಿಸಿ ಕೈಮುಗಿಯುತ್ತೇವೆ. ಕಡಂಬಿಟ್ಟು, ಹಂದಿ ಸಾರಿನ ಊಟವಾದ ಮೇಲೆ ಊರಿನವರೆಲ್ಲ ಬಯಲಿನಲ್ಲಿ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಸುತ್ತಾರೆ. ಹಿಂದೆ ಕಾಯನ್ನು ಎತ್ತರದ ಮರಕ್ಕೆ ಕಟ್ಟುತ್ತಿದ್ದರಂತೆ. ನಮ್ಮೂರಿನಲ್ಲಿ ಈಗ ಮಣ್ಣಿನ ದಿಬ್ಬದ ಮುಂದೆ ಕಂಬ ನೆಟ್ಟು, ಸುಮಾರು 30 ಮೀಟರ್ ದೂರದಿಂದ ಪಾಯಿಂಟ್ ಟೂ ಟೂ ರೈಫಲಿನಲ್ಲಿ ಹೊಡೆಯುತ್ತೇವೆ. ಒಬ್ಬೊಬ್ಬರಿಗೆ ಮೂರು ಗುಂಡು.

ಇಲ್ಲಿ ಗುರಿ ಹಿಡಿಯುವ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಎನ್.ಸಿ.ಸಿ.ಯ ಮಿತ್ರರು ಈ ಒಂದು ಪ್ಯಾರಾ ಬಿಟ್ಟು ಮುಂದೆ ಹೋಗಬಹುದು. ರೈಫಲಿನ ನಳಿಗೆಯ ತುದಿಯಲ್ಲಿ ಒಂದು ಚಿಕ್ಕ ಕಡ್ಡಿ ನಿಂತಿರುತ್ತದೆ, ಅದು ಫೋರ್‌ಸೈಟ್. ಕಣ್ಣಿಗೆ ಹತ್ತಿರವಾಗಿ, ನಡುವೆ ಕಚ್ಚು ಕೊರೆದ ಒಂದು ತಗಡು ಇರುತ್ತದೆ, ಅದು ಬ್ಯಾಕ್‌ಸೈಟ್. ಕಚ್ಚಿನ ನಡುವೆ ಕಡ್ಡಿ, ಕಡ್ಡಿಯ ತುದಿಯ ಮೇಲೆ ತೆಂಗಿನಕಾಯಿ, ಹೀಗೆ ಮೂರೂ ಒಂದೇ ಗೆರೆಯಲ್ಲಿ ನಿಂತರೆ ಗುರಿಯಾಯಿತು. ಇದಕ್ಕೆ ಕಬ್ಬಿಣದ ಗುರಿ ಎಂದು ಹೆಸರು. ಹೇಳುವುದಕ್ಕೆ ಸುಲಭ. ಆದರೆ ನನ್ನ ರೈಫಲಿನಲ್ಲಿ ಬ್ಯಾಕ್‌ಸೈಟ್ ಕಣ್ಣಿನಿಂದ 40 ಸೆಂಟಿಮೀಟರ್ ದೂರದಲ್ಲಿದೆ, ಫೋರ್‌ಸೈಟ್ 90 ಸೆಂಟಿಮೀಟರ್ ದೂರದಲ್ಲಿದೆ, ಕಾಯಿ 30 ಮೀಟರ್ ದೂರದಲ್ಲಿದೆ. ಒಂದು ಕಣ್ಣು ಒಂದು ಗಳಿಗೆಯಲ್ಲಿ ಒಂದೇ ದೂರವನ್ನು ಸ್ಪಷ್ಟವಾಗಿ ನೋಡಬಲ್ಲುದು. ಮೂರು ಮಂದಿ ಅತಿಥಿಗಳಿಗೆ ಒಂದೇ ಕುರ್ಚಿ!

ಎಳೆಯ ಕಣ್ಣಿಗೆ ಇದು ಗೊತ್ತಾಗುವುದೇ ಇಲ್ಲ. ಅದು ಬ್ಯಾಕ್‌ಸೈಟಿನಿಂದ ಫೋರ್‌ಸೈಟಿಗೂ ಅಲ್ಲಿಂದ ಕಾಯಿಗೂ ಅಳಿಲಿನಂತೆ ಹಾರಿ ಹಾರಿ ಬಂದು, ಮೂರನ್ನೂ ಒಟ್ಟಿಗೆ ಕಂಡೆನೆಂದು ನಂಬಿಸಿಬಿಡುತ್ತದೆ. ನನ್ನ ಕಣ್ಣು 2019ರವರೆಗೆ ಹೀಗೆಯೇ ನಂಬಿಸುತ್ತಿದ್ದಿತು. ಆ ವರ್ಷ ನನಗೆ 47. ಪಂದ್ಯದ ದಿನ ಜಿನುಗುಮಳೆ, ಬಯಲಿನ ತುಂಬ ಮಂಜು. ಕಾಯಿ ನಿಚ್ಚಳವಾಗಿ ಕಾಣುತ್ತಿದೆ. ಫೋರ್‌ಸೈಟ್ ಮಾತ್ರ ನೀರಿನಲ್ಲಿ ಅದ್ದಿದ ಕಡ್ಡಿಯಂತೆ ಊದಿಕೊಂಡಿದೆ. ಮೂರು ಗುಂಡುಗಳಲ್ಲಿ ಒಂದು ಮಾತ್ರ ಕಾಯಿಯ ಅಂಚಿಗೆ ತಗುಲಿತು. ಮರುವಾರ ಒಳ್ಳೆಯ ಬಿಸಿಲಿನಲ್ಲಿ ಅದೇ ಕೋವಿ ಹಿಡಿದಾಗ ಫೋರ್‌ಸೈಟ್ ಮತ್ತೆ ಚೂಪಾಗಿ ನಿಂತಿತು. ಬಿಸಿಲಿಗೆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಕಿರಿದಾದ ಕಿಂಡಿಯಿಂದ ನೋಡಿದಾಗ ಹತ್ತಿರದ್ದೂ ದೂರದ್ದೂ ಎರಡೂ ತಕ್ಕಮಟ್ಟಿಗೆ ಸ್ಪಷ್ಟವಾಗುತ್ತವೆ. ಆದರೆ ನಮ್ಮ ಕೈಲ್‌ಪೊಳ್ದ್ ಮಳೆಗಾಲದ ಹಬ್ಬ. ಬಿಸಿಲನ್ನು ನಂಬಿ ಗುರಿ ಹಿಡಿಯುವಂತಿಲ್ಲ.

ಹಾಲೆಂಡಿನ ವೈದ್ಯ ಡಾಂಡರ್ಸ್ ಎಂಬಾತನು 1864ರಲ್ಲಿ ಕಣ್ಣಿನ ವಿಚಾರವಾಗಿ ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ವಯಸ್ಸಿಗೂ ನೋಟಕ್ಕೂ ಇರುವ ಲೆಕ್ಕವನ್ನು ಕ್ರಮವಾಗಿ ಅಳೆದವನು ಅವನು. ಅವನ ಲೆಕ್ಕದಂತೆ ಹತ್ತು ವರ್ಷದ ಹುಡುಗನು 7 ಸೆಂಟಿಮೀಟರ್ ಹತ್ತಿರದ ವಸ್ತುವನ್ನೂ ಸ್ಪಷ್ಟವಾಗಿ ನೋಡಬಲ್ಲನು. ಇಪ್ಪತ್ತರಲ್ಲಿ ಅದು 10 ಸೆಂಟಿಮೀಟರ್, ನಲವತ್ತರಲ್ಲಿ 22, ಐವತ್ತರಲ್ಲಿ 40, ಅರವತ್ತರಲ್ಲಿ ಒಂದು ಮೀಟರ್. ಕಣ್ಣಿನೊಳಗಿನ ಮಸೂರವು ಎಳೆತನದಲ್ಲಿ ಮೆತ್ತಗಿದ್ದು, ಹತ್ತಿರದ್ದನ್ನು ನೋಡುವಾಗ ಉಬ್ಬಿಕೊಳ್ಳುತ್ತದೆ. ವಯಸ್ಸಾದಂತೆ ಬಿಗಿಯುತ್ತ ಹೋಗುತ್ತದೆ. ಇದು ರೋಗವಲ್ಲ, ಕೂದಲು ನರೆಯುವಂತೆ ಎಲ್ಲರಿಗೂ ಬರುವ ಸಂಗತಿ. ಈ ಲೆಕ್ಕವನ್ನು ಕೋವಿಯ ಪಕ್ಕದಲ್ಲಿಟ್ಟು ನೋಡಿ. ಐವತ್ತರ ಹೊತ್ತಿಗೆ ಬ್ಯಾಕ್‌ಸೈಟ್ ಕೈಬಿಡುತ್ತದೆ. ಅರವತ್ತರ ಹೊತ್ತಿಗೆ ಫೋರ್‌ಸೈಟ್ ಕೂಡ ಬೀಳ್ಕೊಡುತ್ತದೆ. ಕೊನೆಯವರೆಗೂ ಜೊತೆಗಿರುವುದು ಕಾಯಿ ಒಂದೇ.

ಕಾಯಿ ಕಾಣುತ್ತದಲ್ಲ, ಅಷ್ಟು ಸಾಲದೆ ಎಂದು ಕೇಳಬಹುದು. ಸಾಲದು. ಕಾಯಿ ಸ್ವಲ್ಪ ಮಸುಕಾಗಿ, ನಡುವಿಗೆ ಹಿಡಿಯುವ ಬದಲು ಎರಡು ಸೆಂಟಿಮೀಟರ್ ಪಕ್ಕಕ್ಕೆ ಹಿಡಿದೆವೆನ್ನೋಣ. ಗುಂಡೂ ಎರಡೇ ಸೆಂಟಿಮೀಟರ್ ಪಕ್ಕಕ್ಕೆ ಹೋಗುತ್ತದೆ. ಆದರೆ ಎರಡು ಸೈಟುಗಳ ನಡುವಿನ ಅಂತರ ಅರ್ಧ ಮೀಟರ್ ಇದ್ದು, ಫೋರ್‌ಸೈಟ್ ಕಚ್ಚಿನ ನಡುವಿನಿಂದ ಒಂದೇ ಒಂದು ಮಿಲಿಮೀಟರ್ ಸರಿದರೆ, 30 ಮೀಟರ್ ದೂರದಲ್ಲಿ ಗುಂಡು 6 ಸೆಂಟಿಮೀಟರ್ ಸರಿದಿರುತ್ತದೆ. ಸುಲಿದ ಕಾಯಿಯ ಅರ್ಧ ಅಗಲವೇ ಸುಮಾರಾಗಿ ಅಷ್ಟು! ಆದಕಾರಣವೇ ಕೋವಿಯ ಗುರುಗಳೆಲ್ಲ, “ಕಾಯಿ ಮಸುಕಾದರೂ ಚಿಂತೆಯಿಲ್ಲ, ಫೋರ್‌ಸೈಟಿನ ತುದಿಯ ಮೇಲೆ ಕಣ್ಣಿಡು” ಎನ್ನುವುದು. ವಯಸ್ಸು ಕಸಿದುಕೊಳ್ಳುವುದು ಸರಿಯಾಗಿ ಆ ತುದಿಯನ್ನೇ.

ನನ್ನ ಪಾಡನ್ನು ಕಾಲೇಜಿನ ಕೆಡೆಟ್ಟುಗಳಿಗೆ ಹೇಳಿದಾಗ ಅವರು ಒಂದು ನಿಮಿಷವೂ ಯೋಚಿಸಲಿಲ್ಲ. “ಸಾರ್, ಒಂದು ದುರ್ಬೀನು ಹಾಕಿಸಿಬಿಡಿ” ಎಂದರು. ಊರಿಗೆ ಹೋಗಿ ಅದನ್ನೇ ಬಲ್ಯಪ್ಪನವರ ಮುಂದೆ ಹೇಳಿದೆ. ದೊಡ್ಡಪ್ಪನನ್ನು ನಾವು ಬಲ್ಯಪ್ಪ ಎನ್ನುತ್ತೇವೆ. ಅವರು ಸೈನ್ಯದಲ್ಲಿದ್ದು 1971ರ ಯುದ್ಧ ಕಂಡವರು; ನನಗೆ ಕೋವಿ ಹಿಡಿಯಲು ಕಲಿಸಿದವರೂ ಅವರೇ. ನಮ್ಮ ಮಾತಿನಲ್ಲಿ ಅವರು ಕೊಟ್ಟ ಉತ್ತರವನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗೆ: “ದುರ್ಬೀನು ಹಾಕಿ ಹೊಡೆಯುವುದಾದರೆ ಹತ್ತಿರ ಹೋಗಿ ದೊಣ್ಣೆಯಲ್ಲೇ ಒಡೆಯಬಹುದಲ್ಲ! ಗುಂಡು ಯಾಕೆ ದಂಡ ಮಾಡುತ್ತೀಯೆ?”

ಒಂದು ಕಡೆ ಇಪ್ಪತ್ತರ ಹುಡುಗರು, ಮತ್ತೊಂದು ಕಡೆ ಎಪ್ಪತ್ತು ದಾಟಿದ ಹಿರಿಯರು. ಇವರ ನಡುವೆ ನಿಂತು ನಾನು ಕಬ್ಬಿಣ ಮತ್ತು ಗಾಜುಗಳ ಗುಣದೋಷಗಳನ್ನು ವಿಚಾರಿಸತೊಡಗಿದೆ. ಚರಿತ್ರೆಯವನಾದುದರಿಂದ ಮೊದಲು ಚರಿತ್ರೆಯನ್ನೇ ನೋಡಿದೆ. ದುರ್ಬೀನು ನಿನ್ನೆ ಮೊನ್ನೆಯ ಸೋಗಲ್ಲ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ವಿಲಿಯಂ ಮಾಲ್ಕಮ್ ಎಂಬಾತನು 1855ರಷ್ಟು ಹಿಂದೆಯೇ ರೈಫಲಿಗೆ ದುರ್ಬೀನು ಮಾಡಿ ಮಾರುತ್ತಿದ್ದನು. 1861ರಿಂದ 1865ರವರೆಗೆ ನಡೆದ ಅಲ್ಲಿನ ಅಂತರ್ಯುದ್ಧದಲ್ಲಿ ಗುರಿಕಾರರು ಅಂಥವನ್ನು ಬಳಸಿದರು. ನಮಗೆ ಕೋವಿಯ ವಿನಾಯಿತಿ ಸಿಕ್ಕ ವರ್ಷವೂ ಆ ಯುದ್ಧ ಮೊದಲಾದ ವರ್ಷವೂ ಒಂದೇ ಎಂಬುದನ್ನು ಬಲ್ಯಪ್ಪನವರಿಗೆ ತಿಳಿಸಿದೆ. ಅವರು “ಹೂಂ” ಎಂದರಷ್ಟೆ.

ದುರ್ಬೀನಿನ ದೊಡ್ಡ ಗುಣ ಅದು ದೂರದ್ದನ್ನು ದೊಡ್ಡದು ಮಾಡುವುದಲ್ಲ. ಅದು ಮೂರು ಅತಿಥಿಗಳನ್ನು ಒಂದೇ ಕುರ್ಚಿಯಲ್ಲಿ ಕೂರಿಸುತ್ತದೆ. ಅದರೊಳಗಿನ ಅಡ್ಡಗೆರೆಗಳೂ ಕಾಯಿಯೂ ಕಣ್ಣಿಗೆ ಒಂದೇ ದೂರದಲ್ಲಿದ್ದಂತೆ ಕಾಣುತ್ತವೆ, ಕಣ್ಣು ಹಾರಾಡಬೇಕಾಗಿಲ್ಲ. ಹಿಂಬದಿಯ ಗಾಜನ್ನು ತಿರುಗಿಸಿ ಅವರವರ ಕಣ್ಣಿಗೆ ಹೊಂದಿಸಿಕೊಳ್ಳಲೂಬಹುದು. ಆದರೆ ನಾಲ್ಕು ಪಟ್ಟು ದೊಡ್ಡದು ಮಾಡುವ ಗಾಜು ಕೈಯ ನಡುಕವನ್ನೂ ನಾಲ್ಕು ಪಟ್ಟು ದೊಡ್ಡದು ಮಾಡಿ ತೋರಿಸುತ್ತದೆ. ನಡುಕ ಹೆಚ್ಚಿದ್ದಲ್ಲ, ಕಂಡದ್ದು. ಕಂಡ ಮೇಲೆ ಮನಸ್ಸು ಅಳುಕುತ್ತದೆ. ನೋಟದ ಬಯಲು ಕಿರಿದಾಗಿ ಅಕ್ಕಪಕ್ಕದಲ್ಲಿ ಯಾರು ಬಂದರೆಂಬುದು ಕಾಣುವುದಿಲ್ಲ. ಕಣ್ಣನ್ನು ಗಾಜಿನಿಂದ ಎಂಟೊಂಬತ್ತು ಸೆಂಟಿಮೀಟರ್ ದೂರದಲ್ಲಿ, ಸರಿಯಾಗಿ ನಡುವಿನಲ್ಲಿ ಇಡಬೇಕು. ಒದೆತ ಜೋರಾಗಿರುವ ರೈಫಲಾದರೆ ಹತ್ತಿರ ಹೋದವನ ಹುಬ್ಬಿಗೆ ಪೆಟ್ಟು ಖಂಡಿತ. ಇನ್ನು ನಮ್ಮ ಮಳೆ! ಮುಂಗಾಜಿನ ಮೇಲೆ ಹನಿ ಕುಳಿತರೆ, ಹಿಂಗಾಜಿನ ಮೇಲೆ ಉಸಿರಿನ ಆವಿ ಕಟ್ಟಿದರೆ, ಸಾವಿರಾರು ರೂಪಾಯಿಯ ದುರ್ಬೀನು ಹಾಲಿನ ಲೋಟವಾಗುತ್ತದೆ.

ಗಾಜಿನಲ್ಲಿ ಎರಡನೆಯ ಬಗೆಯೊಂದಿದೆ. ಇದಕ್ಕೆ ರೆಡ್ ಡಾಟ್ ಎನ್ನುತ್ತಾರೆ. ಡಬ್ಲಿನ್ನಿನ ಹೋವರ್ಡ್ ಗ್ರಬ್ ಎಂಬ ದೂರದರ್ಶಕ ತಯಾರಕನು 1900ರಲ್ಲಿ ಇದರ ಮೂಲತತ್ತ್ವಕ್ಕೆ ಹಕ್ಕುಪತ್ರ ಪಡೆದನು. ಬ್ಯಾಟರಿಯಿಂದ ನಡೆಯುವ ರೂಪದಲ್ಲಿ 1975ರಲ್ಲಿ ಸ್ವೀಡನ್ನಿನ ಏಮ್‌ಪಾಯಿಂಟ್ ಸಂಸ್ಥೆ ಇದನ್ನು ಮಾರುಕಟ್ಟೆಗೆ ತಂದಿತು. ಬಾಗಿದ ಒಂದು ಗಾಜು, ಅದರ ಮೇಲೆ ಬೀಳುವ ಒಂದು ಪುಟ್ಟ ಕೆಂಪು ಬೆಳಕು. ನೋಡುವವನಿಗೆ ಆ ಚುಕ್ಕೆ ಗಾಜಿನ ಮೇಲೆ ಇದ್ದಂತೆ ಕಾಣುವುದಿಲ್ಲ, ದೂರದ ಕಾಯಿಯ ಮೇಲೆಯೇ ಇಟ್ಟಂತೆ ಕಾಣುತ್ತದೆ. ಏನನ್ನೂ ದೊಡ್ಡದು ಮಾಡುವುದಿಲ್ಲ, ನಡುಕವನ್ನೂ ಮಾಡುವುದಿಲ್ಲ. ಎರಡು ಕಣ್ಣನ್ನೂ ತೆರೆದೇ ನೋಡಬಹುದು. ದೂರದ್ದನ್ನು ಮಾತ್ರ ನೋಡಬಲ್ಲ ಮುಪ್ಪಿನ ಕಣ್ಣಿಗೆ ಹೇಳಿ ಮಾಡಿಸಿದಂತಿದೆ.

ಪರಿಚಿತರೊಬ್ಬರ ರೆಡ್ ಡಾಟಿನಲ್ಲಿ ನಾನು ಕಣ್ಣಿಟ್ಟು ನೋಡಿದೆ. ಚುಕ್ಕೆ ಎಲ್ಲಿದೆ? ಅಲ್ಲಿದ್ದದ್ದು ಬಾಲವಿರುವ ಒಂದು ನಕ್ಷತ್ರ! ಮೊಬೈಲಿನ ಕ್ಯಾಮೆರಾದಿಂದ ಅದೇ ಗಾಜನ್ನು ನೋಡಿದಾಗ ಚುಕ್ಕೆ ಗುಂಡಗಿದ್ದಿತು. ಎಂದಮೇಲೆ ದೋಷ ಉಪಕರಣದ್ದಲ್ಲ, ನನ್ನ ಕಣ್ಣಿನದು. ಕಣ್ಣಿನ ಮುಂಭಾಗದ ಬಾಗು ಎಲ್ಲ ದಿಕ್ಕಿಗೂ ಸಮನಾಗಿಲ್ಲದಿದ್ದರೆ, ಡಾಕ್ಟರುಗಳು ಅಸ್ಟಿಗ್ಮ್ಯಾಟಿಸಂ ಎನ್ನುವ ಆ ದೋಷವಿದ್ದರೆ, ಬೆಳಕಿನ ಬಿಂದು ಹೀಗೆ ಸಿಡಿದಂತೆ ಕಾಣುತ್ತದೆ. ಬೆಳಕನ್ನು ತಗ್ಗಿಸಿದರೆ ಸ್ವಲ್ಪ ವಾಸಿ. ತಕ್ಕ ಕನ್ನಡಕ ಹಾಕಿದರೆ ಇನ್ನೂ ವಾಸಿ. ಆದರೂ ನನಗೆ ಅದು ಹಿಡಿಸಲಿಲ್ಲ.

ಹಾಗಾದರೆ ಕಬ್ಬಿಣಕ್ಕೆ ಏನೂ ಮದ್ದಿಲ್ಲವೆ? ಉಂಟು. ಕಚ್ಚಿನ ತಗಡನ್ನು ತೆಗೆದು, ಕಣ್ಣಿಗೆ ಹತ್ತಿರವಾಗಿ ಚಿಕ್ಕ ರಂಧ್ರವಿರುವ ಬಿಲ್ಲೆಯನ್ನು ಕೂರಿಸಿದರೆ ಎರಡು ಲಾಭ. ರಂಧ್ರವನ್ನು ನೋಡಬೇಕಾಗಿಲ್ಲ, ಅದರ ಮೂಲಕ ನೋಡಿದರಾಯಿತು. ಕಣ್ಣು ತಾನಾಗಿಯೇ ಅದರ ನಡುವನ್ನು ಹಿಡಿಯುತ್ತದೆ. ಅಲ್ಲಿಗೆ ಒಬ್ಬ ಅತಿಥಿ ಕಡಿಮೆಯಾದಂತಾಯಿತು. ಎರಡನೆಯದಾಗಿ, ಬಿಸಿಲು ಮಾಡುತ್ತಿದ್ದ ಉಪಕಾರವನ್ನು ಆ ರಂಧ್ರವೇ ಮಾಡುತ್ತದೆ. ಕಿರಿದಾದ ಕಿಂಡಿಯಿಂದ ಫೋರ್‌ಸೈಟೂ ಕಾಯಿಯೂ ಎರಡೂ ತಿಳಿಯಾಗುತ್ತವೆ. ಬಹಳ ಕಿರಿದು ಮಾಡಿದರೆ ಮೋಡದ ದಿನ ಕತ್ತಲಾಗುತ್ತದೆ, ಅಷ್ಟೆ. ಇದರ ಜೊತೆಗೆ ದೂರನೋಟದ ಕನ್ನಡಕಕ್ಕೆ ಅರ್ಧ ನಂಬರು ಕೂಡಿಸಿದ ಗಾಜನ್ನು ಹಾಕಿದರೆ, ಕಣ್ಣು ಸುಮಾರು ಎರಡು ಮೀಟರ್ ದೂರಕ್ಕೆ ಹೊಂದಿಕೊಳ್ಳುತ್ತದೆ; ಫೋರ್‌ಸೈಟಿಗೂ ಕಾಯಿಗೂ ನಡುವಿನ ಒಂದು ರಾಜಿ. ಮೇಲೆ ದೂರಕ್ಕೆ, ಕೆಳಗೆ ಓದಿಗೆ ಎಂದಿರುವ ಕನ್ನಡಕ ಮಾತ್ರ ಈ ಕೆಲಸಕ್ಕೆ ಬಾರದು. ಕೆನ್ನೆಯನ್ನು ಕೋವಿಗೆ ಒತ್ತಿದಾಗ ನೋಟವು ಯಾವ ಭಾಗದಿಂದ ಹಾಯುವುದೆಂಬುದು ಕತ್ತಿನ ಬಾಗನ್ನು ಅವಲಂಬಿಸಿರುತ್ತದೆ.

ರಂಧ್ರದ ಗುರಿಯನ್ನು ಹುಡುಗಾಟವೆಂದು ಯಾರೂ ತಿಳಿಯಬಾರದು. 2008ರಲ್ಲಿ ಬೀಜಿಂಗಿನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಅದರಿಂದಲೇ. ಹತ್ತು ಮೀಟರ್ ಏರ್‌ರೈಫಲಿನಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. ಅಲ್ಲಿ ದುರ್ಬೀನಿಗೆ ಪ್ರವೇಶವಿಲ್ಲ. ವಯಸ್ಸಿನ ಮಾತಿಗೂ ಉದಾಹರಣೆಗಳುಂಟು. ಸ್ವೀಡನ್ನಿನ ಆಸ್ಕರ್ ಸ್ವಾನ್ ಎಂಬವರು 1908ರ ಒಲಿಂಪಿಕ್ಸಿನಲ್ಲಿ 60ನೆಯ ವಯಸ್ಸಿಗೆ ಚಿನ್ನ ಗೆದ್ದರು, 1912ರಲ್ಲಿ 64ನೆಯ ವಯಸ್ಸಿಗೆ ಮತ್ತೆ ಗೆದ್ದರು, 1920ರಲ್ಲಿ ಓಡುವ ಜಿಂಕೆಯ ತಂಡ ಸ್ಪರ್ಧೆಯಲ್ಲಿ 72ನೆಯ ವಯಸ್ಸಿಗೆ ಬೆಳ್ಳಿ ಪಡೆದರು. ಉತ್ತರ ಪ್ರದೇಶದ ಜೋಹ್ಡಿ ಗ್ರಾಮದ ಚಂದ್ರೋ ತೋಮರ್ ಅವರು ಪಿಸ್ತೂಲು ಹಿಡಿದದ್ದೇ 1999ರಲ್ಲಿ, ಅರವತ್ತೈದು ದಾಟಿದ ಮೇಲೆ. 2021ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಎಷ್ಟೋ ಹುಡುಗಿಯರಿಗೆ ದಾರಿಯಾಗಿದ್ದರು. ಏರ್‌ಪಿಸ್ತೂಲಿನಲ್ಲಿರುವುದೂ ಕಬ್ಬಿಣದ ಗುರಿಯೇ. ಚಾಚಿದ ಕೈಯ ತುದಿಯ ಫೋರ್‌ಸೈಟನ್ನು ಆ ಅಜ್ಜಿಯ ಕಣ್ಣು ಹಿಡಿಯಿತೆಂದರೆ, ನಲವತ್ತೇಳಕ್ಕೇ ಕೈಚೆಲ್ಲುವುದು ಹೇಗೆ?

ನಾನು ರಂಧ್ರದ ಬ್ಯಾಕ್‌ಸೈಟನ್ನೇ ಆರಿಸಿಕೊಂಡೆ. 2020 ಮತ್ತು 2021ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ನಮ್ಮೂರಿನ ಪಂದ್ಯ ನಡೆಯಲಿಲ್ಲ. 2022ರಲ್ಲಿ ಮತ್ತೆ ಬಯಲಿಗೆ ಹೋದಾಗ ನನ್ನ ಫೋರ್‌ಸೈಟ್ ನನಗೆ ಮರಳಿ ಸಿಕ್ಕಿದ್ದಿತು. ಆದರೆ ಬಲ್ಯಪ್ಪನವರು ಬಂದಿರಲಿಲ್ಲ.

ಅವರು ಬಾರದ ಕೈಲ್‌ಪೊಳ್ದ್ ಅನ್ನು ನಾನು ಕಂಡಿರಲೇ ಇಲ್ಲ. ಮನೆಗೆ ಹೋಗಿ ವಿಚಾರಿಸಿದೆ. “ಮೊಣಕಾಲು ನೋವು” ಎಂದರು. ಆ ಮೊಣಕಾಲು ಬೆಳಿಗ್ಗೆ ತೋಟದ ಏರು ಹತ್ತಿ ಬಂದಿದ್ದನ್ನು ದೊಡ್ಡಮ್ಮ ನನಗೆ ಆಗಲೇ ಹೇಳಿದ್ದರು. ಕೋವಿಯ ಪೂಜೆಯಲ್ಲಿ ಅವರು ದೀಪದ ಕಡೆಗೆ ಮುಖ ಮಾಡದೆ ಪಕ್ಕಕ್ಕೆ ತಿರುಗಿ ನಿಂತದ್ದನ್ನು ನಾನೂ ನೋಡಿದ್ದೆ. ಕತ್ತಲಾದ ಮೇಲೆ ಜೀಪಿನ ದೀಪಗಳಿಗೆ ಅವರು ಕಣ್ಣು ಮುಚ್ಚಿಕೊಂಡರು. ಇದು ಚಾಳೀಸಲ್ಲವೆನ್ನಿಸಿತು. ಬಿಗಿದ ಮಸೂರ ಬೇರೆ, ಮಂಕಾದ ಮಸೂರ ಬೇರೆ. ಬೆಳಕಿನ ಸುತ್ತ ಬಳೆ ಕಂಡರೆ, ದೀಪ ಕಣ್ಣಿಗೆ ಚುಚ್ಚಿದರೆ, ಬಣ್ಣಗಳು ಕಂದಿದರೆ, ಅದು ಪೊರೆ ಬಂದ ಲಕ್ಷಣ.

ಆ ರಾತ್ರಿ ನಾನು ಕೋವಿಯ ಮಾತನ್ನೇ ಎತ್ತಲಿಲ್ಲ. ಕಣ್ಣಿನ ಡಾಕ್ಟರರ ಬಳಿಗೆ ಹೋಗೋಣವೆಂದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಕಣ್ಣು ಹೋಯಿತೆಂದು ಊರಿಗೆಲ್ಲ ಗೊತ್ತಾಗುವುದಕ್ಕಿಂತ ಕಾಲು ಹೋಯಿತೆನ್ನುವುದು ವಾಸಿಯಲ್ಲವಾ?” ಎಂದರು. ಆ ಮಾತು ಈಗಲೂ ನನ್ನ ಕಿವಿಯಲ್ಲಿದೆ. ಕಬ್ಬಿಣವೋ ಗಾಜೋ ಎಂದು ಅವರು ನನ್ನನ್ನು ಗೇಲಿ ಮಾಡುತ್ತಿದ್ದಾಗ, ಆ ನಗೆಯ ಹಿಂದೆ ಎಷ್ಟು ದಿನದ ಭಯ ಅಡಗಿದ್ದಿತೋ! ಗಾಜನ್ನು ಒಪ್ಪಿದರೆ ಕಣ್ಣಿನ ಸಂಗತಿಯನ್ನು ಒಪ್ಪಿದಂತಾಗುತ್ತದೆ. ಆದ್ದರಿಂದ ಗಾಜೇ ಬೇಡ, ಪಂದ್ಯವೇ ಬೇಡ, ಊರಿನ ಬಯಲೇ ಬೇಡ. ಕೈಗೆ ಎಟುಕುವ ಮದ್ದೊಂದು ಇರುವಾಗ, ಮಾನಕ್ಕಾಗಿ ಮನುಷ್ಯ ತನ್ನ ಊರನ್ನೇ ಬಿಟ್ಟುಕೊಡುತ್ತಿದ್ದನು.

ಮಾರನೆಯ ವಾರ ಮೈಸೂರಿಗೆ ಹೋದೆವು. ಎರಡೂ ಕಣ್ಣಿನಲ್ಲಿ ಪೊರೆ, ಬಲಗಣ್ಣಿನಲ್ಲಿ ಹೆಚ್ಚು. ನಮ್ಮ ಅಜ್ಜಂದಿರ ಕಾಲದಲ್ಲಿ ಪೊರೆ ತೆಗೆದ ಮೇಲೆ ಸೀಸೆಯ ತಳದಂಥ ದಪ್ಪ ಕನ್ನಡಕವೇ ಗತಿ. ಡಾಕ್ಟರ್ ಎಂ. ಸಿ. ಮೋದಿಯವರು ಊರೂರಿನಲ್ಲಿ ಶಿಬಿರ ಹೂಡಿ ಅಸಂಖ್ಯ ಬಡವರ ಪೊರೆ ತೆಗೆದು ಬೆಳಕು ಕೊಟ್ಟ ಕಥೆಯನ್ನು ಕನ್ನಡನಾಡು ಮರೆತಿಲ್ಲ. ಕಣ್ಣಿನೊಳಗೇ ಮಸೂರವನ್ನು ಇರಿಸುವ ಶಸ್ತ್ರಕ್ರಿಯೆಯನ್ನು 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲು ಮಾಡಿದರು. ಯುದ್ಧ ವಿಮಾನಗಳ ಮುಚ್ಚಳದ ಪ್ಲಾಸ್ಟಿಕ್ ಚೂರುಗಳು ಪೈಲಟ್ಟುಗಳ ಕಣ್ಣಿಗೆ ಹೊಕ್ಕರೂ ಕೆರಳಿಸದೆ ಉಳಿದದ್ದನ್ನು ಕಂಡು ಅವರಿಗೆ ಈ ವಿಚಾರ ಹೊಳೆಯಿತು. ಆ ಯುದ್ಧದ ಚೂರಿನಿಂದ ಹುಟ್ಟಿದ ಉಪಾಯವು ನಮ್ಮ ಹಳೆಯ ಯೋಧನ ಕಣ್ಣಿಗೆ ಬಂದು ಕುಳಿತಿತು. ಪಟ್ಟಿ ಬಿಚ್ಚಿದ ದಿನ ಬಲ್ಯಪ್ಪನವರು ಆಡಿದ ಮೊದಲ ಮಾತು: “ಆಕಾಶ ಇಷ್ಟು ನೀಲಿ ಇತ್ತಾ?”

ಆಮೇಲೆ ಗುರಿಯ ಪ್ರಶ್ನೆ ಹೊಸದಾಗಿ ಎದ್ದಿತು. ಅವರಿಗೆ ಇಟ್ಟ ಮಸೂರ ದೂರಕ್ಕೆ ಹೊಂದಿಸಿದ್ದು; ಅದು ಉಬ್ಬುವುದಿಲ್ಲ, ಇಳಿಯುವುದಿಲ್ಲ. ಕಾಯಿ ಹದಿನೆಂಟರ ಹುಡುಗನಿಗೆ ಕಂಡಷ್ಟೇ ಸ್ಪಷ್ಟ. ಫೋರ್‌ಸೈಟ್ ಮಾತ್ರ ಬರಿಯ ನೆರಳು. ಅವರ ಕಾಲದ ಎಸ್.ಎಲ್.ಆರ್. ರೈಫಲಿನಲ್ಲಿಯೂ ರಂಧ್ರದ ಬ್ಯಾಕ್‌ಸೈಟೇ ಇದ್ದದ್ದನ್ನು ನೆನಪಿಸಿ, ನನ್ನ ರೈಫಲನ್ನು ಕೊಟ್ಟು ನೋಡಿದೆ. ಸ್ವಲ್ಪ ಗುಣವಾಯಿತು, ಸಾಲಲಿಲ್ಲ. ಬಳಿಕ ರೆಡ್ ಡಾಟ್ ಕೊಟ್ಟೆ. ನನಗೆ ನಕ್ಷತ್ರವಾಗಿ ಸಿಡಿದಿದ್ದ ಚುಕ್ಕೆ ಅವರಿಗೆ ಕುಂಕುಮದ ಬೊಟ್ಟಿನಂತೆ ಗುಂಡಗೆ ಕಂಡಿತು! ಐವತ್ತರವನಿಗೆ ಹಳೆಯ ಕಬ್ಬಿಣ, ಎಪ್ಪತ್ತಾರು ದಾಟಿದವರಿಗೆ ಹೊಸ ಗಾಜು. ಕೆಡೆಟ್ಟುಗಳ ಸಲಹೆಯೂ ಬಲ್ಯಪ್ಪನವರ ಹಾಸ್ಯವೂ ಎರಡೂ ತಲೆಕೆಳಗಾದವು. ವಯಸ್ಸೆಂದರೆ ಒಂದೇ ರೀತಿಯ ವಯಸ್ಸಲ್ಲ. ಒಂದೊಂದು ಕಣ್ಣು ಒಂದೊಂದು ಕಡೆಯಿಂದ ಮುಪ್ಪಾಗುತ್ತದೆ. ಯಾವುದು ಮಸುಕಾಗಿದೆ, ಏಕೆ ಮಸುಕಾಗಿದೆ ಎಂದು ಮೊದಲು ತಿಳಿಯಬೇಕು. ಸಲಕರಣೆಯ ಮಾತು ಆಮೇಲೆ.

ಇನ್ನು ಊರಿನ ನಿಯಮ. ನಮ್ಮ ಪಂದ್ಯದಲ್ಲಿ ಗಾಜಿಗೆ ಅವಕಾಶವಿರಲಿಲ್ಲ. 2023ರ ಹಬ್ಬಕ್ಕೆ ಮುಂಚೆ ಹಿರಿಯರೂ ಹುಡುಗರೂ ಸೇರಿ ಮಾತನಾಡಿದೆವು. ಗಾಜು ಬಂದರೆ ದುಡ್ಡಿದ್ದವನೇ ಗೆಲ್ಲುತ್ತಾನೆಂದು ಕೆಲವರು ಹೇಳಿದರು. ಆ ಮಾತಿನಲ್ಲಿ ಹುರುಳಿತ್ತು. ಕೊನೆಗೆ ತರುಣರಿಗೆ ಕಬ್ಬಿಣವೇ ಇರಲಿ, ಅರವತ್ತು ದಾಟಿದವರಿಗೆ ಬೇರೊಂದು ಸಾಲು ಇರಲಿ, ಅದರಲ್ಲಿ ಅವರವರ ಕಣ್ಣಿಗೆ ಒಪ್ಪಿದ್ದನ್ನು ಬಳಸಲಿ ಎಂದು ತೀರ್ಮಾನವಾಯಿತು. ಇದಕ್ಕೆ ಒಂದು ಷರತ್ತನ್ನು ಸೇರಿಸಿದವರು ಬಲ್ಯಪ್ಪನವರೇ: “ಕಾಯಿ ಕಂಡರೆ ಸಾಲದು. ಕಾಯಿಯ ಹಿಂದೆ ಏನಿದೆ, ಪಕ್ಕದಲ್ಲಿ ಯಾರಿದ್ದಾರೆ ಎಂದು ಕಾಣಬೇಕು. ಕಾಣದವನು ಯಾವ ವಯಸ್ಸಿನವನಾದರೂ ಕುದುರೆ ಎಳೆಯಬಾರದು.” ಈಗ ನಮ್ಮೂರಿನಲ್ಲಿ ಗುಂಡು ಕೊಡುವ ಮೊದಲು ದಿಬ್ಬದ ಬಳಿ ಒಬ್ಬ ಹುಡುಗ ಹಲಗೆಯ ಮೇಲೆ ಒಂದು ಅಂಕಿ ಬರೆದು ಹಿಡಿಯುತ್ತಾನೆ. ಅದನ್ನು ಓದಿ ಹೇಳಿದವರಿಗೆ, ಆ ಹುಡುಗ ಹಿಂದಿರುಗಿ ಸಾಲು ಸೇರಿದ ಮೇಲೆ, ಗುಂಡು.

ಆ ವರ್ಷ ಬಲ್ಯಪ್ಪನವರ ಮೊದಲ ಗುಂಡು ಮಣ್ಣಿಗೆ, ಎರಡನೆಯದು ಕಾಯಿಗೆ, ಮೂರನೆಯದು ಮತ್ತೆ ಮಣ್ಣಿಗೆ. ಬಹುಮಾನ ಬೇರೆಯವರಿಗೆ ಹೋಯಿತು. ಆದರೆ ಅವರು ಸಂಜೆಯವರೆಗೂ ಬಯಲಿನಲ್ಲಿಯೇ ಇದ್ದು, ಹುಡುಗರ ಮೊಣಕೈ ಸರಿಪಡಿಸುತ್ತ, ಗೆದ್ದವನಿಗೂ ಸೋತವನಿಗೂ ಗದರುತ್ತ ಓಡಾಡಿದರು. ಮೊಣಕಾಲಿನ ಸುದ್ದಿಯನ್ನು ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಿಗೆ ಚಾಳೀಸು ಇನ್ನೂ ಎರಡು ದಶಕ ದೂರ. ನಿಮ್ಮ ಮನೆಗಳಲ್ಲಿ ಕೋವಿ ಇರಲಾರದು. ಹೊಲಿಗೆಯ ಯಂತ್ರವಿರಬಹುದು, ತಕ್ಕಡಿ ಇರಬಹುದು, ಬಸ್ಸಿನ ಸ್ಟೀರಿಂಗ್ ಹಿಡಿಯುವ ತಂದೆಯಿರಬಹುದು. ಯಾರಾದರೂ ಹಿರಿಯರು ತಾವು ಬಹುಕಾಲ ಪ್ರೀತಿಸಿದ ಕೆಲಸವನ್ನು ಇದ್ದಕ್ಕಿದ್ದಂತೆ ಬಿಟ್ಟು, ಬೇರೆಯದೇ ನೆಪ ಹೇಳಿದರೆ, ಒಮ್ಮೆ ಅವರ ಕಣ್ಣಿನ ಕಡೆ ನೋಡಿ. ನಾನು ನನ್ನ ಮಟ್ಟಿಗೆ ಪ್ರತಿವರ್ಷ ಆಗಸ್ಟಿನಲ್ಲಿ, ಕೋವಿ ಒರೆಸುವುದಕ್ಕೆ ಮುಂಚೆ, ಕಣ್ಣು ತೋರಿಸಿಕೊಂಡು ಬರುತ್ತೇನೆ. ರಂಧ್ರವೂ ಸಾಲದೆಂದು ಡಾಕ್ಟರರು ಹೇಳಿದ ವರ್ಷ ಗಾಜು. ಹಲಗೆಯ ಅಂಕಿ ಕಾಣದ ವರ್ಷ ಸಾಲಿನ ಹಿಂದಿನ ಬೆಂಚು. ಅಲ್ಲಿಯೂ ಗದರುವುದಕ್ಕೆ ಕೆಲಸ ಬೇಕಾದಷ್ಟಿದೆ.